ಸೊಂಟದ ರಿವಾಲ್ವರ್ ಚುಚ್ಚುತ್ತದೆಯೇ? ಮೊದಲು ಬೆಲ್ಟ್ ಬಿಚ್ಚಿ ನೋಡಿ

ಹೋದ ಬೇಸಿಗೆಯಲ್ಲಿ ಕಲಬುರಗಿ ಗಂಜ್ ಕಡೆಯ ಒಬ್ಬ ದಾಲ್ ಮಿಲ್ ಸಾಹುಕಾರರು ಕೈಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಚೀಲದಲ್ಲಿ ಮೂರು ಹೋಲ್ಸ್ಟರ್, ಅಂದರೆ ರಿವಾಲ್ವರ್ ಸೊಂಟಕ್ಕೆ ಸಿಕ್ಕಿಸುವ ಒರೆ, ಇದ್ದವು. ಒಂದು ಚರ್ಮದ್ದು, ಒಂದು ನೈಲಾನ್ ಬಟ್ಟೆಯದ್ದು, ಇನ್ನೊಂದು ಗಟ್ಟಿ ಪ್ಲಾಸ್ಟಿಕ್ಕಿನದ್ದು. "ಸಾಹೇಬ್ರ, ಮೂರೂ ಚುಚ್ಚತಾವ್ರಿ. ಈ ರಿವಾಲ್ವರ್ ಮಾರಿ ಹಗುರನ್ದು ಒಂದು ತಗೋಬೇಕಂತ ಮಾಡೀನಿ" ಎಂದರು. ನಾನು ಹೋಲ್ಸ್ಟರ್ ಕಡೆ ನೋಡಲಿಲ್ಲ. ಅವರ ಸೊಂಟ ನೋಡಿದೆ. ತೆಳ್ಳನೆಯ ರೆಕ್ಸಿನ್ ಬೆಲ್ಟ್, ಮೇಲೆ ಹೊಳೆಯುವ ಬಕ್ಕಲ್. ಕಾಯಿಲೆ ಅಲ್ಲೇ ಕಾಣುತ್ತಿತ್ತು.

ನಾನು ಪೊಲೀಸ್ ಸಶಸ್ತ್ರ ಮೀಸಲು ಪಡೆಯಲ್ಲಿ ಇದ್ದವನು. ಸರ್ವಿಸಿನ ಬಹಳ ವರ್ಷ ಕೋತ್‌ನಲ್ಲೇ ಕಳೆಯಿತು. ಕೋತ್ ಅಂದರೆ ಇಲಾಖೆಯ ಆಯುಧ ಇಡುವ ಕೋಣೆ. ರಿಟೈರ್ ಆದ ಮೇಲೆ ಲೈಸೆನ್ಸ್ ಇರುವ ಪರಿಚಯದವರು ಹೀಗೆ ಬಂದು ಕೇಳುತ್ತಿರುತ್ತಾರೆ. ಹತ್ತರಲ್ಲಿ ಏಳೆಂಟು ಜನರ ದೂರು ಒಂದೇ. ಇಟ್ಟುಕೊಂಡರೆ ತ್ರಾಸು, ಬಿಟ್ಟು ಹೋದರೆ ಅಂಜಿಕೆ. ಅವರೆಲ್ಲರಿಗೂ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಲೈಸೆನ್ಸ್ ಇದ್ದವರಿಗೆ ಮಾತ್ರ. ಬಟ್ಟೆಯೊಳಗೆ ಮುಚ್ಚಿ ಒಯ್ಯುವುದು ನಮ್ಮಲ್ಲಿ ಶೋಕಿಯ ವಿಷಯ ಅಲ್ಲ, ಕಾನೂನೇ ಹಾಗೆ ಹೇಳುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲ್ ಅಥವಾ ರಿವಾಲ್ವರ್ ಹೋಲ್ಸ್ಟರಿನಲ್ಲೋ ಅಂಥದ್ದೇ ಚೀಲದಲ್ಲೋ ಇರಬೇಕು. ಪೂರ್ತಿ ಮುಚ್ಚಿರಬೇಕು. ಒಯ್ಯುವವನ ಹಿಡಿತದಲ್ಲಿರಬೇಕು. ಅಂಗಿ ಎತ್ತಿ ತೋರಿಸುವವರು ಇದನ್ನು ಎರಡು ಸಲ ಓದಿರಿ.

ಪರೀಕ್ಷೆಗೆ ಮುಂಚೆ

ಇಲ್ಲಿ ಹೇಳುವ ಎಲ್ಲ ಪರೀಕ್ಷೆಯನ್ನೂ ಖಾಲಿ ಆಯುಧದಲ್ಲೇ ಮಾಡಬೇಕು. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ರಿವಾಲ್ವರ್ ಆದರೆ ತೆರೆದು ಆರೂ ತೂತು ಬೆರಳಿನಿಂದ ಮುಟ್ಟಿ ಎಣಿಸಿ, ಬರೀ ಕಣ್ಣಿನಿಂದ ನೋಡಿ ಬಿಡಬೇಡಿ. ಪಿಸ್ತೂಲ್ ಆದರೆ ಮೊದಲು ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಹೊರಗೆ, ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆದು ಚೇಂಬರ್ (ಗುಂಡು ಕೂರುವ ಮನೆ) ನೋಡುವುದು. ಇದನ್ನು ಉಲ್ಟಾ ಮಾಡಿದರೆ ಸ್ಲೈಡ್ ವಾಪಸ್ ಹೋಗುವಾಗ ಮ್ಯಾಗಜಿನ್ನಿನ ಇನ್ನೊಂದು ಗುಂಡು ಒಳಗೆ ಕೂರುತ್ತದೆ. ಮನುಷ್ಯ ಮಾತ್ರ ಖಾಲಿ ಆಯಿತು ಅಂದುಕೊಂಡಿರುತ್ತಾನೆ. ಕೋತ್‌ನಲ್ಲಿ ಹೊಸ ಹುಡುಗರಿಗೆ ನಾವು ಮೊದಲ ದಿನ ಕಲಿಸುತ್ತಿದ್ದದ್ದೇ ಇದು.

ಇನ್ನೊಂದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬೆಲ್ಟು, ಹೋಲ್ಸ್ಟರು, ಜಾಗ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಆರಾಮ ಆಯಿತು ಅಂತ ಗೊತ್ತಾಗುವುದಿಲ್ಲ. ಸಾಹುಕಾರರು ಮೂರು ಹೋಲ್ಸ್ಟರ್ ಕೊಂಡದ್ದು ಹೀಗೇ.

"ನಡಕೋತ ಹೋದ್ರ ಕೆಳಗ ಜಾರತದ, ಬಿಗಿ ಮಾಡಿದ್ರ ಸೊಂಟ ನೋಯ್ತದ"

ಈ ದೂರು ಬಂದರೆ ಬೇರೆ ಏನೂ ನೋಡಬೇಡಿ, ಬೆಲ್ಟ್ ನೋಡಿ. ನಮ್ಮ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32 ರಿವಾಲ್ವರ್ ಸುಮಾರು 700 ಗ್ರಾಂ ತೂಗುತ್ತದೆ. ಮೇಲೆ ಹೋಲ್ಸ್ಟರಿನ ತೂಕ. ಕೇಳಲು ಇದು ಜಾಸ್ತಿ ಅಲ್ಲ. ಆದರೆ ಈ ತೂಕ ಮೈಗೆ ಅಂಟಿಕೊಂಡಿರುವುದಿಲ್ಲ, ಸೊಂಟದಿಂದ ಒಂದೆರಡು ಇಂಚು ಆಚೆಗೆ ಜೋತಾಡುತ್ತದೆ. ಮೆತ್ತನೆಯ ಬೆಲ್ಟ್ ಆ ಜಾಗದಲ್ಲಿ ತಿರುಚಿಕೊಳ್ಳುತ್ತದೆ. ಹಿಡಿ ಹೊರಗೆ ವಾಲುತ್ತದೆ, ನಳಿಗೆಯ ತುದಿ ಒಳಗೆ ತಿರುಗಿ ತೊಡೆಗೆ ಒತ್ತುತ್ತದೆ. ಜಾರುತ್ತಿದೆ ಅಂತ ಮನುಷ್ಯ ಬೆಲ್ಟನ್ನು ಇನ್ನೊಂದು ತೂತು ಬಿಗಿ ಮಾಡುತ್ತಾನೆ. ಈಗ ಸೊಂಟದ ಎಲುಬಿಗೂ ನೋವು. ಬೈಗುಳ ಮಾತ್ರ ರಿವಾಲ್ವರಿಗೆ.

ಬೆಲ್ಟ್ ಹೇಗಿರಬೇಕು? ಒಂದು ತುದಿ ಹಿಡಿದು, ಅಂಚು ಕೆಳಗಾಗಿ, ಮುಂದಕ್ಕೆ ಚಾಚಿ ನೋಡಿ. ಆಗಷ್ಟೇ ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿಯ ಹಾಗೆ ಜೋತು ಬಿದ್ದರೆ ಅದು ಪ್ಯಾಂಟ್ ನಿಲ್ಲಿಸಲು ಸಾಕು, ರಿವಾಲ್ವರಿಗೆ ಸಾಲದು. ಖಡಕ್ ರೊಟ್ಟಿಯ ಹಾಗೆ ಗೇಣುದ್ದಕ್ಕಾದರೂ ನೆಟ್ಟಗೆ ನಿಲ್ಲಬೇಕು. ಒಂದೂವರೆ ಇಂಚು ಅಗಲ, ಎರಡು ಪದರ ಚರ್ಮ, ನಡುವೆ ಅಂಟು, ಎರಡೂ ಅಂಚಿಗೆ ಹೊಲಿಗೆ. ಅಂಗಡಿಯಲ್ಲಿ ಇಂಥದ್ದು ಸಿಗದಿದ್ದರೆ ಚರ್ಮದ ಕೆಲಸದವರ ಹತ್ತಿರ ಹೇಳಿ ಮಾಡಿಸಿ. ಅಂಗಡಿಯಲ್ಲಿ "ಪ್ಯೂರ್ ಲೆದರ್" ಅನ್ನುವ ಬೆಲ್ಟುಗಳ ಒಳಗೆ ಎಷ್ಟೋ ಸಲ ರಟ್ಟೇ ಇರುತ್ತದೆ. ಆರು ತಿಂಗಳಿಗೆ ತೂತಿನ ಹತ್ತಿರ ಬಾಯಿ ಬಿಡುತ್ತದೆ.

ಬೆಲ್ಟ್ ಪರೀಕ್ಷೆಗೆ ರಿವಾಲ್ವರ್ ಬೇಕಾಗೇ ಇಲ್ಲ. ನಮ್ಮ ಕಡೆ ತೊಗರಿ ಬೇಳೆಗೆ ಬರ ಇದೆಯೇ? ಮುಕ್ಕಾಲು ಕಿಲೋ ಬೇಳೆಯನ್ನು ಬಟ್ಟೆ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬೆಲ್ಟಿಗೆ ತೂಗು ಹಾಕಿ. ಅದನ್ನು ಕಟ್ಟಿಕೊಂಡೇ ಅರ್ಧ ದಿನ ಮನೆಯಲ್ಲಿ ಓಡಾಡಿ. ಮೆಟ್ಟಿಲು ಹತ್ತಿ, ಬಗ್ಗಿ ಚಪ್ಪಲಿ ಹಾಕಿ. ಸಂಜೆಗೆ ಬೆಲ್ಟಿನ ಆ ಭಾಗ ಮಡಚಿ ಕೆಳಗೆ ಬಂದಿದ್ದರೆ ಬೆಲ್ಟ್ ಫೇಲ್. ಸಾಹುಕಾರರಿಗೆ ಇದನ್ನೇ ಮಾಡಲು ಹೇಳಿದೆ. ನಕ್ಕರು. ಆದರೂ ಮಾಡಿದರು. ಎರಡೇ ತಾಸಿನಲ್ಲಿ ಫೋನ್ ಬಂತು. "ಸಾಹೇಬ್ರ, ಬ್ಯಾಳಿನೂ ಚುಚ್ಚತದ್ರಿ!"

ಇನ್ನು ಪ್ಯಾಂಟ್. ಬೆಲ್ಟ್ ಒಂದೂವರೆ ಇಂಚು ಆದರೆ ಲೂಪ್ ಅದಕ್ಕಿಂತ ಸ್ವಲ್ಪವೇ ದೊಡ್ಡದಿರಬೇಕು, ಸಡಿಲ ಇರಬಾರದು. ಎರಡು ಲೂಪಿನ ನಡುವಿನ ಅಂತರ ಜಾಸ್ತಿ ಇದ್ದರೆ ಹೋಲ್ಸ್ಟರ್ ಆ ಖಾಲಿ ಜಾಗದಲ್ಲಿ ಜಗ್ಗುತ್ತದೆ. ನಿಮ್ಮ ಟೇಲರಿಗೆ ಹೇಳಿ ಬಲಗಡೆ ಒಂದು ಲೂಪ್ ಜಾಸ್ತಿ ಹಾಕಿಸಿ. ಹೋಲ್ಸ್ಟರ್ ಪ್ಯಾಂಟಿನ ಒಳಗೆ ಕೂರುವಂಥದ್ದಾದರೆ ಸೊಂಟದ ಅಳತೆ ಒಂದೂವರೆಯಿಂದ ಎರಡು ಇಂಚು ದೊಡ್ಡದು ಬೇಕು. ಹಳೇ ಪ್ಯಾಂಟಿನಲ್ಲೇ ತುರುಕಿಕೊಂಡು ಉಸಿರು ಕಟ್ಟುತ್ತದೆ ಅನ್ನುವವರು ಬಹಳ ಜನ.

ಹಗುರ ಆಯುಧ ಕೊಳ್ಳುವ ವಿಚಾರಕ್ಕೆ ಬರೋಣ. 2014ರಲ್ಲಿ ಕಾನ್ಪುರದ ಕಾರ್ಖಾನೆಯಿಂದ ಬಂದ ನಿರ್ಭೀಕ್ ರಿವಾಲ್ವರ್ ಸುಮಾರು 500 ಗ್ರಾಂ ಇದೆ. ಬಂದಾಗ ಅದರ ಬೆಲೆ 1,22,360 ರೂಪಾಯಿ. ಇನ್ನೂರು ಗ್ರಾಂ ಇಳಿಸಲು ಇಷ್ಟು ದುಡ್ಡು, ಮೇಲೆ ಹಳೆಯದನ್ನು ಮಾರಲು, ಲೈಸೆನ್ಸಿನಲ್ಲಿ ಬದಲಿಸಲು ಕಚೇರಿ ಅಲೆದಾಟ. ಅದನ್ನೂ ಅದೇ ರೆಕ್ಸಿನ್ ಬೆಲ್ಟಿಗೆ ತೂಗು ಹಾಕಿದರೆ ಅದೂ ಜಾರುತ್ತದೆ.

"ಬಗ್ಗಿದ್ರ ಹೊರಗ ಬರತದ"

ಇದು ನನಗೇ ಆದದ್ದು. ರಿಟೈರ್ ಆದ ಹೊಸದರಲ್ಲಿ ಸಿವಿಲ್ ಬಟ್ಟೆಯಲ್ಲಿ ಒಬ್ಬ ಸಂಬಂಧಿಕರ ಮನೆಗೆ ಹೋಗಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದೆ. ಹೋಲ್ಸ್ಟರ್ ಸಮೇತ ರಿವಾಲ್ವರ್ ಶಹಾಬಾದ್ ಬಂಡೆಯ ಮೇಲೆ ಠಣ್ ಅಂತ ಬಿತ್ತು. ಇಪ್ಪತ್ತು ವರ್ಷ ಕೋತ್‌ನಲ್ಲಿ ಇದ್ದವನ ಮರ್ಯಾದೆ ಒಂದು ಕ್ಷಣದಲ್ಲಿ ಹೋಯಿತು. ಪುಣ್ಯಕ್ಕೆ ಬೇರೇನೂ ಆಗಲಿಲ್ಲ.

ಕಾರಣ ಕ್ಲಿಪ್. ಅಗ್ಗದ ಹೋಲ್ಸ್ಟರುಗಳ ಕ್ಲಿಪ್ಪಿಗೆ ಕೆಳಗೆ ಕೊಕ್ಕೆ ಇರುವುದಿಲ್ಲ. ಬೆಲ್ಟ್ ಮೇಲೆ ಸುಮ್ನೆ ಕೂತಿರುತ್ತದೆ. ಬೆಲ್ಟಿನ ಕೆಳ ಅಂಚನ್ನು ಕೊಕ್ಕೆ ಹಿಡಿದಿದೆಯೇ ಅಂತ ಬೆರಳಿಟ್ಟು ನೋಡಿ. ಆಮೇಲೆ ಹಾಸಿಗೆಯ ಮೇಲೆ, ಖಾಲಿ ಆಯುಧವನ್ನು ಹೋಲ್ಸ್ಟರಿನಲ್ಲಿಟ್ಟು ತಲೆಕೆಳಗೆ ಮಾಡಿ ಮೆಲ್ಲಗೆ ಅಲುಗಾಡಿಸಿ. ಬಿದ್ದರೆ ಆ ಹೋಲ್ಸ್ಟರ್ ಬೇಡ. ಟ್ರಿಗರ್ ಇರುವ ಜಾಗ ಪೂರ್ತಿ ಮುಚ್ಚಿರಬೇಕು, ಬಟ್ಟೆಯ ಮೇಲಿನಿಂದ ಒತ್ತಿದರೂ ಬೆರಳು ಒಳಗೆ ಹೋಗಬಾರದು. ನೈಲಾನಿನ ಮೆತ್ತನೆಯ ಚೀಲಗಳು ಈ ಪರೀಕ್ಷೆಯಲ್ಲೇ ಸೋಲುತ್ತವೆ. ಎಲ್ಲ ಆಯುಧಕ್ಕೂ ಆಗುತ್ತದೆ ಅಂತ ಮಾರುವ ಹೋಲ್ಸ್ಟರ್ ಯಾವುದಕ್ಕೂ ಸರಿ ಕೂರುವುದಿಲ್ಲ.

ಕೈಜಾರಿ ಬೀಳುವ ಆಯುಧವನ್ನು ಗಾಳಿಯಲ್ಲೇ ಹಿಡಿಯಲು ಹೋಗಬೇಡಿ. ಬೆರಳು ಟ್ರಿಗರಿಗೆ ಸಿಕ್ಕುವುದು ಆಗಲೇ. ಬೀಳಲಿ ಬಿಡಿ. ರಿವಾಲ್ವರ್ ಹಳೆಯ ಕಾಲದ್ದಾದರೆ ಹ್ಯಾಮರಿನ, ಅಂದರೆ ಗುಂಡಿಗೆ ಬಡಿಯುವ ಸುತ್ತಿಗೆಯ, ಕೆಳಗಿನ ಒಂದು ತೂತು ಖಾಲಿ ಬಿಡುವುದು ಹಿಂದಿನಿಂದ ಬಂದ ರೂಢಿ. ನಾನು ಈಗಲೂ ಬಿಡುತ್ತೇನೆ.

"ನಿಂತ್ರ ಆರಾಮ, ಕುಂತ್ರ ಚುಚ್ಚತದ"

ಬೆಲ್ಟ್ ಸರಿಯಾದ ಮೇಲೂ ಉಳಿಯುವ ದೂರು ಇದು. ಇಲ್ಲಿ ಜಾಗ ನೋಡಬೇಕು. ಸೊಂಟವನ್ನು ಗಡಿಯಾರ ಅಂದುಕೊಳ್ಳಿ. ಹೊಕ್ಕಳು 12, ಬೆನ್ನುಹುರಿ 6. ಬಲಗೈಯವರಿಗೆ ಬಲಪಕ್ಕೆ 3. ಸರಿಯಾಗಿ 3ರಲ್ಲಿ ಸೊಂಟದ ಎಲುಬಿನ ಉಬ್ಬು ಇದೆ. ಎಲುಬು ಮತ್ತು ಕಬ್ಬಿಣದ ನಡುವೆ ಚರ್ಮ ಸಿಕ್ಕಿಕೊಂಡರೆ ಚುಚ್ಚದೆ ಇರುತ್ತದೆಯೇ? ಬೆರಳಿನಿಂದ ಆ ಉಬ್ಬು ಹುಡುಕಿ, ಅದರ ಹಿಂದೆ ಒಂದು ತಗ್ಗು ಸಿಗುತ್ತದೆ. ಮೂರೂವರೆಗೂ ನಾಲ್ಕಕ್ಕೂ ನಡುವೆ. ಬಹಳ ಜನರಿಗೆ ಆರಾಮ ಸಿಗುವುದು ಅಲ್ಲೇ. ಒಂದು ಬೆರಳಗಲ ಹಿಂದೆ ಮುಂದೆ ಮಾಡಿದರೂ ವ್ಯತ್ಯಾಸ ಗೊತ್ತಾಗುತ್ತದೆ.

6ರಲ್ಲಿ, ಬೆನ್ನ ನಡುವೆ ಬೇಡವೇ ಬೇಡ. ಬೈಕಿನಿಂದ ಬೆನ್ನ ಮೇಲೆ ಬಿದ್ದರೆ ಕಬ್ಬಿಣ ನೇರ ಬೆನ್ನುಹುರಿಗೆ. ಹೊಟ್ಟೆಯ ಮುಂದೆ, ಒಂದು ಗಂಟೆಯ ಜಾಗದಲ್ಲಿ ಇಡುವುದು ಈಗಿನ ಹುಡುಗರಿಗೆ ಇಷ್ಟ. ಹೊಟ್ಟೆ ಇರುವವರಿಗೆ ಕೂತ ಕೂಡಲೇ ಹಿಡಿ ಹೊಟ್ಟೆಗೆ, ನಳಿಗೆ ತೊಡೆಸಂದಿಗೆ. ಅಲ್ಲಿ ದೊಡ್ಡ ರಕ್ತನಾಳ ಓಡುತ್ತದೆ. ಎಷ್ಟೇ ಒಳ್ಳೆಯ ಹೋಲ್ಸ್ಟರ್ ಇದ್ದರೂ ದಿನವಿಡೀ ನಳಿಗೆ ಆ ಕಡೆ ತಿರುಗಿರುವುದು ನನಗೆ ಸೇರುವುದಿಲ್ಲ. ಪಾದದ ಗೆಣ್ಣಿಗೆ ಕಟ್ಟುವ ಪಟ್ಟಿ ಬೂಟು, ಅಗಲ ಪ್ಯಾಂಟಿನವರಿಗೆ. ಚಪ್ಪಲಿ ಬಿಟ್ಟು ಒಳಗೆ ಹೋಗುವ, ಕಾಲು ತೊಳೆಯುವ ನಮಗೆ ಅಲ್ಲ.

ನಮ್ಮ ಜನ ಮೊಬೈಲಿನಲ್ಲಿ ಅಮೆರಿಕದವರ ವಿಡಿಯೋ ನೋಡಿ ಹೋಲ್ಸ್ಟರ್ ತರಿಸುತ್ತಾರೆ. ಅಲ್ಲಿನವರು ಕುರ್ಚಿಯ ಮೇಲೆ ಕೂರುತ್ತಾರೆ. ಮೈಮೇಲೆ ಜಾಕೆಟ್ ಇರುತ್ತದೆ. ಕಾರಿನ ಸ್ಟೇರಿಂಗ್ ಎಡಕ್ಕೆ. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕೆ, ಡ್ರೈವರಿನ ಸೀಟ್ ಬೆಲ್ಟಿನ ಬಕ್ಕಲ್ ಎಡಸೊಂಟಕ್ಕೆ. ಅವರು ಕಾರಿಗೆ ಆರಾಮ ಅಂತ ತೋರಿಸುವ ಜಾಗ ನಮ್ಮ ಕಾರಿನಲ್ಲಿ ಬೇರೆಯೇ ಆಗುತ್ತದೆ. ಎಡಮುಂಭಾಗದಲ್ಲಿ ಅಡ್ಡ ಇಟ್ಟರೆ ಬಕ್ಕಲ್ ಹಿಡಿಗೆ ಬಡಿಯುತ್ತದೆ. ಹೀಗಾಗಿ ನಿಮ್ಮ ಕಾರಿನಲ್ಲಿ ನೀವೇ ಕೂತು, ಬೆಲ್ಟ್ ಹಾಕಿ, ಖಾಲಿ ಆಯುಧದಲ್ಲಿ ನೋಡಬೇಕು. ತ್ರಾಸು ಆಗುತ್ತದೆ ಅಂತ ತೆಗೆದು ಸೀಟಿನ ಕೆಳಗೋ ಡ್ಯಾಶ್‌ಬೋರ್ಡಿನಲ್ಲೋ ಇಡುವುದು ಪರಿಹಾರ ಅಲ್ಲ. ಬ್ರೇಕ್ ಹಾಕಿದಾಗ ಅದು ಪೆಡಲಿನ ಹತ್ತಿರ ಬರುತ್ತದೆ. ಹುಮನಾಬಾದ್ ದಾರಿಯ ಧಾಬಾದಲ್ಲಿ ಚಹಾಕ್ಕೆ ಇಳಿದಾಗ ಮರೆತೂ ಹೋಗುತ್ತದೆ.

ಇನ್ನು ನೆಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಸೊಂಟ ಮಡಚುತ್ತದೆ, ತೊಡೆ ಮೇಲೆ ಬರುತ್ತದೆ, ನಳಿಗೆ ತೊಡೆಗೂ ನೆಲಕ್ಕೂ ನಡುವೆ ಸಿಕ್ಕು ಹಿಡಿಯನ್ನು ಪಕ್ಕೆಲುಬಿಗೆ ದೂಡುತ್ತದೆ. ಹೋಲ್ಸ್ಟರನ್ನು ಸ್ವಲ್ಪ ಮುಂದಕ್ಕೆ ವಾಲಿಸಿ, ಅರ್ಧ ಇಂಚು ಮೇಲೆ ಕೂರಿಸಿದರೆ ಗಾದಿಯ ಮೇಲೆ ಲೆಕ್ಕ ಬರೆಯುವಷ್ಟು ಹೊತ್ತು ತಡೆಯಬಹುದು. ಮದುವೆಯ ಪಂಗ್ತಿಗೆ ಇದು ಸಾಲುವುದಿಲ್ಲ, ಬೇರೆ ಉಪಾಯವನ್ನೂ ನಾನು ಹುಡುಕಿಲ್ಲ. ಮದುವೆಗೆ ಯಾಕೆ ಬೇಕು? ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಸಂಭ್ರಮಕ್ಕೆ ಅಂತ ಗುಂಡು ಹಾರಿಸಿ ಜನರಿಗೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಆಯುಧ ಜೊತೆಗಿಲ್ಲದಿದ್ದರೆ "ಒಂದು ಹಾರಸ್ರಿ ಕಾಕಾ" ಅನ್ನುವ ಅಳಿಯಂದಿರ ಕಾಟವೂ ಇಲ್ಲ. ಕಲಬುರಗಿಯ ಶರಣಬಸವೇಶ್ವರ ಅಪ್ಪನ ಜಾತ್ರೆಗೂ, ಬಂದೇ ನವಾಜ್ ಉರುಸಿಗೂ ಇದೇ ಮಾತು. ಅಷ್ಟು ನೂಕುನುಗ್ಗಲಿನಲ್ಲಿ ಯಾರ ಕೈ ಎಲ್ಲಿಗೆ ತಾಗುತ್ತದೋ ಹೇಳಲಾಗದು.

ಧೋತರ ಉಡುವ ಹಿರಿಯರು ಕೇಳುತ್ತಾರೆ. ಧೋತರಕ್ಕೆ ಹೋಲ್ಸ್ಟರ್ ನಿಲ್ಲುವುದಿಲ್ಲ. ನೆಹರೂ ಅಂಗಿಯ ಪಕ್ಕದ ಕಿಸೆಯಲ್ಲಿ ಬರೀ ಹಾಗೇ ಹಾಕಿಕೊಳ್ಳುವವರನ್ನು ನೋಡಿದ್ದೇನೆ. ಬೀಗದ ಕೈ, ಅಡಿಕೆ, ಚಿಲ್ಲರೆ ಎಲ್ಲ ಅದೇ ಕಿಸೆಯಲ್ಲಿ. ಬೀಗದ ಕೈ ಟ್ರಿಗರಿಗೆ ಸಿಕ್ಕರೆ ಕೇಳುವವರಿಲ್ಲ. ಧೋತರದ ಒಳಗೆ ಗಟ್ಟಿ ಬೆಲ್ಟನ್ನು ಬೇರೆಯಾಗಿ ಕಟ್ಟಿ ಅದಕ್ಕೆ ಹೋಲ್ಸ್ಟರ್ ಹಾಕುವುದೊಂದೇ ದಾರಿ.

"ಅಂಗಿ ಮ್ಯಾಲೆ ಎದ್ದು ಕಾಣತದ"

ಕಾಣುವುದು ನಳಿಗೆ ಅಲ್ಲ, ಹಿಡಿ. ನಳಿಗೆ ಪ್ಯಾಂಟಿನ ಗೆರೆಯಲ್ಲೇ ಇಳಿಯುತ್ತದೆ, ಹಿಡಿ ಅಡ್ಡಕ್ಕೆ ಚಾಚುತ್ತದೆ. ಹೋಲ್ಸ್ಟರನ್ನು ಮುಂದಕ್ಕೆ ಸ್ವಲ್ಪ ವಾಲಿಸಿದರೆ ಹಿಡಿ ಪಕ್ಕೆಯ ಜೊತೆ ಮೇಲಕ್ಕೆ ಹೋಗುತ್ತದೆ. ಅಷ್ಟಕ್ಕೇ ಅರ್ಧ ಸಮಸ್ಯೆ ಹೋಗುತ್ತದೆ. ಇಸ್ತ್ರಿ ಮಾಡಿದ ಬಿಳೀ ಖಾದಿ ಅಂಗಿಯಲ್ಲಿ ಏನೂ ಮುಚ್ಚುವುದಿಲ್ಲ, ಒಳಗಿನ ಪೆನ್ನಿನ ಕಂಪನಿ ಹೆಸರೂ ಕಾಣುತ್ತದೆ. ಚೌಕಳಿ ಇರುವ, ಸ್ವಲ್ಪ ದಪ್ಪ ಬಟ್ಟೆ ಒಳ್ಳೆಯದು. ಈಗ ಯಾರೂ ಹೊಲಿಸದ ಸಫಾರಿ ಇದಕ್ಕೆ ಬಹಳ ಚೆನ್ನಾಗಿತ್ತು.

ಬೈಕಿನ ಮೇಲೆ ಮುಂದೆ ಬಗ್ಗಿದಾಗ ಅಂಗಿಯ ಹಿಂಭಾಗ ಗಾಳಿಗೆ ಏಳುತ್ತದೆ. ಹಿಂದೆ ಕೂತವನಿಗೆ, ಸಿಗ್ನಲಿನಲ್ಲಿ ಹಿಂದೆ ನಿಂತವನಿಗೆ ಎಲ್ಲ ದರ್ಶನ. ಅಂಗಿ ಎರಡು ಇಂಚು ಉದ್ದ ಹೊಲಿಸಿ, ಪಕ್ಕದ ಸೀಳು ಕಡಿಮೆ ಮಾಡಿಸಿ. ಬಟ್ಟೆ ಎಲ್ಲ ಸರಿ ಇದ್ದೂ ಗುಟ್ಟು ಬಿಟ್ಟುಕೊಡುವುದು ಕೈ. ಐದು ನಿಮಿಷಕ್ಕೊಮ್ಮೆ ಸೊಂಟ ಮುಟ್ಟಿ ನೋಡುವ ಚಾಳಿ. ಮನೆಯವರಿಗೆ ಹೇಳಿ, ಅರ್ಧ ತಾಸಿನಲ್ಲಿ ಎಷ್ಟು ಸಲ ಮುಟ್ಟಿದಿರಿ ಅಂತ ಎಣಿಸಲಿ. ಜಾಸ್ತಿ ಆದರೆ ಹೋಲ್ಸ್ಟರ್ ಇನ್ನೂ ಅಲುಗಾಡುತ್ತಿದೆ ಅಂತಲೇ ಅರ್ಥ, ಮತ್ತೆ ಬೆಲ್ಟಿಗೆ ಹೋಗಿ.

"ಬ್ಯಾಸಗ್ಯಾಗ ತಡಕೊಳ್ಳಾಕ ಆಗಂಗಿಲ್ರಿ"

ಇದು ನಮ್ಮ ಭಾಗದ ದೊಡ್ಡ ಕಾಯಿಲೆ. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಯಾದಗಿರಿ ಕಡೆಯೂ ಅಷ್ಟೇ. ಬರೀ ಮೈಗೆ ಹೋಲ್ಸ್ಟರ್ ತಾಗಿದರೆ ಮಧ್ಯಾಹ್ನದೊಳಗೆ ಕೆಂಪು ಗೆರೆ, ಸಂಜೆಗೆ ಉರಿ. ಬನಿಯನ್ ಉದ್ದನೆಯದು ಹಾಕಿ, ಅದನ್ನು ಪ್ಯಾಂಟಿನೊಳಗೆ ಸೇರಿಸಿ, ಹೋಲ್ಸ್ಟರ್ ಅದರ ಮೇಲೆ ಬರಲಿ. ಹೋಲ್ಸ್ಟರಿನ ಮೈಕಡೆಯ ಪದರ ಹಿಡಿಯ ತನಕ ಎತ್ತರ ಇದ್ದರೆ ಬೆವರು ಕಬ್ಬಿಣಕ್ಕೆ ತಾಗುವುದಿಲ್ಲ. ಬೇಸಿಗೆಯ ಮಟ್ಟಿಗೆ ಒಳಗಿನದು ಬಿಟ್ಟು ಬೆಲ್ಟಿನ ಹೊರಗೆ ಕೂರುವ ಹೋಲ್ಸ್ಟರ್ ಹಾಕಿ, ಮೇಲೆ ಅಂಗಿ ಬಿಡಿ.

ಬೆವರಿನಲ್ಲಿ ಉಪ್ಪಿದೆ. ಚರ್ಮ ಅದನ್ನು ಕುಡಿದು ಇಟ್ಟುಕೊಳ್ಳುತ್ತದೆ. ರಾತ್ರಿ ಹೋಲ್ಸ್ಟರಿನಲ್ಲೇ ರಿವಾಲ್ವರ್ ಬಿಟ್ಟರೆ ಬೆಳಿಗ್ಗೆಗೆ ಕಂದು ಚುಕ್ಕೆ ಶುರು. ಮನೆಗೆ ಬಂದ ಕೂಡಲೇ ಹೊರಗೆ ತೆಗೆದು, ಗುಂಡು ಬೇರೆ ಮಾಡಿ, ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ತಾಗಿಸಿದ ಬಟ್ಟೆಯಿಂದ ಒಮ್ಮೆ ಸವರಿ. ಆಯುಧ ಲಾಕರಿಗೆ ಹೋಗಲಿ, ಹೋಲ್ಸ್ಟರ್ ನೆರಳಿನ ಗಾಳಿಯಲ್ಲಿ ಒಣಗಲಿ. ಬಿಸಿಲಿಗೆ ಹಾಕಿದರೆ ಚರ್ಮ ಸೊಟ್ಟಗಾಗಿ ಬಿರಿಯುತ್ತದೆ. ಹಿತ್ತಾಳೆ ಗುಂಡುಗಳನ್ನು ಚರ್ಮದ ಪಟ್ಟಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಹಸಿರು ಪಾಚಿಯಂಥದ್ದು ಹಿಡಿಯುತ್ತದೆ. ಅದನ್ನು ಹೋಗಿಸಲು ಗುಂಡಿಗೆ ಎಣ್ಣೆ ಹಚ್ಚುವವರಿದ್ದಾರೆ, ಹಾಗೆ ಮಾಡಬೇಡಿ. ಎಣ್ಣೆ ಗುಂಡಿನ ಹಿಂದೆ ಇರುವ, ಕಿಡಿ ಹೊತ್ತಿಸುವ ಕ್ಯಾಪಿನೊಳಗೆ ಇಳಿದರೆ ಗುಂಡು ಸಿಡಿಯದೇ ಹೋಗಬಹುದು.

ದಾಲ್ ಮಿಲ್ ಸಾಹುಕಾರರ ರಿವಾಲ್ವರಿನಲ್ಲಿ ಇನ್ನೊಂದು ದೋಷ ಸಿಕ್ಕಿತು. ಎಣ್ಣೆ ಜಾಸ್ತಿ ಹಾಕಿದ್ದರು, ಮಿಲ್ಲಿನ ಹೊಟ್ಟಿನ ಧೂಳು ಅದಕ್ಕೆ ಅಂಟಿ ಗುಂಡಿನ ಚಕ್ರದ ಸುತ್ತ ಅಂಬಲಿಯ ಹಾಗೆ ಗಟ್ಟಿಯಾಗಿತ್ತು. ಚಕ್ರ ತಿರುಗಲು ಮೊಂಡು ಮಾಡುತ್ತಿತ್ತು. ತೊಗರಿ ಸುಗ್ಗಿಯ ದಿನಗಳಲ್ಲಿ ಗಂಜ್, ಮಿಲ್ಲುಗಳಲ್ಲಿ ಇರುವವರು ವಾರಕ್ಕೊಮ್ಮೆ ಒರೆಸಬೇಕು. ಎಣ್ಣೆ ಹನಿ ಸಾಕು, ತೊಟ್ಟಿಕ್ಕಬಾರದು. ಸ್ಪ್ರಿಂಗು, ಹ್ಯಾಮರು ಅಂತ ಒಳಗಿನ ಕೆಲಸ ಬಂದರೆ ಮನೆಯಲ್ಲಿ ಬಿಚ್ಚಬೇಡಿ, ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಒಯ್ಯಿರಿ.

ಗಡಿ ದಾಟುವ ಮುಂಚೆ

ಇದು ಆರಾಮದ ದೋಷ ಅಲ್ಲ, ಆದರೆ ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರು ಜಿಲ್ಲೆಯವರು ಎಡವುವ ಜಾಗ. ಬೀದರಿನವರು ಬೆಳಿಗ್ಗೆ ಜಹೀರಾಬಾದಿಗೆ ಹೋಗಿ ಊಟಕ್ಕೆ ವಾಪಸ್ ಬರುತ್ತಾರೆ. ಕಲಬುರಗಿಯವರಿಗೆ ಸೊಲ್ಲಾಪುರ, ಗುರುಮಠಕಲ್ಲಿನವರಿಗೆ ನಾರಾಯಣಪೇಟೆ. ಲೈಸೆನ್ಸ್ ಪುಸ್ತಕದಲ್ಲಿ ಎಲ್ಲಿಯ ತನಕ ಚಾಲ್ತಿ ಅಂತ ಬರೆದಿರುತ್ತದೆ. ಕರ್ನಾಟಕ ಅಂತಷ್ಟೇ ಇದ್ದರೆ ಗಡಿಯ ಆಚೆ ನೀವು ಲೈಸೆನ್ಸ್ ಇಲ್ಲದವರ ಲೆಕ್ಕ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಆದೇಶ ಬರುತ್ತದೆ, ರಸೀದಿ ಜೋಪಾನ. ವಿಮಾನ ಹತ್ತುವವರು ಸೊಂಟದಲ್ಲಿ ಇಟ್ಟುಕೊಂಡು ಒಳಗೆ ಹೋಗುವ ಮಾತೇ ಇಲ್ಲ. ಮೊದಲೇ ಏರ್‌ಲೈನ್ ಕಚೇರಿಗೆ ತಿಳಿಸಬೇಕು.

ಸಾಹುಕಾರರು ಹೊಸ ಬೆಲ್ಟ್ ಮಾಡಿಸಿದರು. ಮೂರರಲ್ಲಿ ಚರ್ಮದ ಹೋಲ್ಸ್ಟರನ್ನೇ ಇಟ್ಟುಕೊಂಡು, ನಾಲ್ಕು ಗಂಟೆಯ ಜಾಗಕ್ಕೆ ಸರಿಸಿದೆವು. ಹದಿನೈದು ದಿನ ಬಿಟ್ಟು ಮತ್ತೆ ಬಂದರು. "ಚುಚ್ಚೂದು ನಿಂತದ್ರಿ. ಈಗ ನಡದ್ರ ಕಿರ್ ಕಿರ್ ಅಂತದ." ಹೊಸ ಬೆಲ್ಟಿಗೆ ಹಳೇ ಹೋಲ್ಸ್ಟರ್ ಉಜ್ಜಿ ಬರುವ ಸದ್ದು ಅದು. ಉಜ್ಜುವ ಕಡೆ ಮೇಣದ ಬತ್ತಿಯನ್ನು ನಾಲ್ಕು ಸಲ ತಿಕ್ಕಿ ಕೊಟ್ಟೆ. ಬೇಳೆ ಚೀಲ ಇನ್ನೂ ನಮ್ಮ ಮನೆಯಲ್ಲೇ ಇದೆ, ಮುಂದಿನವರಿಗೆ ಬೇಕಾಗುತ್ತದೆ ಅಂತ ಮನೆಯವಳಿಗೆ ಸಾರಿಗೆ ಹಾಕಲು ಬಿಟ್ಟಿಲ್ಲ.